ಭಾವೀ ನಗರಯೋಜಕರಿಗೆ ಒಬ್ಬ ಪಾದಚಾರಿಯ ವಿಜ್ಞಾಪನೆ

ಜತ್ತ ತಾಲೂಕಿನ ಊರುಗಳ ಭವಿಷ್ಯವನ್ನು ನಕಾಶೆಯ ಮೇಲೆ ಬರೆಯಲಿರುವ ಮಹಾಶಯರ ಸನ್ನಿಧಿಗೆ, ಎರಡು ಕಾಲುಗಳುಳ್ಳ, ಆದರೆ ಒಂದು ಚಕ್ರವೂ ಇಲ್ಲದ ಈ ಪ್ರಜೆಯ ಸವಿನಯ ನಮಸ್ಕಾರಗಳು.

ವಿಜಯಪುರದ ಕಡೆಯಿಂದ ಬಂದು, ನಮ್ಮ ಜತ್ತವನ್ನು ಹಾಯ್ದು, ಗುಹಾಗರದ ಕಡಲತಡಿಯವರೆಗೆ ಸಾಗುವ ಹೆದ್ದಾರಿಯನ್ನು ಕಂಡು ಹೆಮ್ಮೆಪಡದ ಎದೆ ಯಾವುದು? ಈ ಪ್ರಗತಿಗೆ ವಿಘ್ನರೂಪಿಯಾಗಿ ಉಳಿದಿರುವವನು ಪಾದಚಾರಿಯೊಬ್ಬನೇ. 2022ರಲ್ಲಿ ದೇಶದ ರಸ್ತೆಗಳ ಮೇಲೆ 32,825 ಪಾದಚಾರಿಗಳು ಪ್ರಾಣ ತೆತ್ತರೆಂದು ಕೇಂದ್ರ ಸರಕಾರವೇ ಪ್ರಕಟಿಸಿದ್ದರೂ, ನಡೆಯುವ ಹಟವನ್ನು ನಾವಿನ್ನೂ ಬಿಡದಿರುವುದು ನಮ್ಮ ಮೊಂಡತನಕ್ಕೆ ಸಾಕ್ಷಿಯಲ್ಲದೆ ಮತ್ತೇನು?

ಈ ದುರಭ್ಯಾಸದ ಮೂಲವನ್ನು ನಾನು ಶೋಧಿಸಿದ್ದೇನೆ. ಅದು ನಮ್ಮ ಹಳೆಯ ಗಾವಠಾಣ. ಅಲ್ಲಿ ಮನೆಯ ಪಡಸಾಲೆಯೇ ಕಿರಾಣಿ ಅಂಗಡಿ. ಅದರ ಪಕ್ಕಕ್ಕೆ ಗಿರಣಿ, ಗಿರಣಿಯ ಎದುರಿಗೆ ಗುಡಿ, ಗುಡಿಯ ಹಿಂದೆ ಕನ್ನಡ ಶಾಲೆ, ನಡುವೆ ಬೇವಿನ ಮರದ ಕಟ್ಟೆ. ತಲೆಯ ಮೇಲೆ ಸಜ್ಜೆಯ ಬುಟ್ಟಿ ಹೊತ್ತು ಗಿರಣಿಗೆ ಹೊರಟ ಮುದುಕಿ, ಹಿಟ್ಟು ಬೀಸುವಷ್ಟರಲ್ಲಿ ಎಣ್ಣೆ ಕೊಂಡು, ಮೊಮ್ಮಗನನ್ನು ಶಾಲೆಯಿಂದ ಕರೆದುಕೊಂಡು, ಕಟ್ಟೆಯ ಮೇಲೆ ಕುಳಿತು ಸೊಸೆಯ ವಿಚಾರವನ್ನು ಸವಿಸ್ತಾರವಾಗಿ ನಿವೇದಿಸಿ, ಬಿಸಿ ಹಿಟ್ಟಿನೊಡನೆ ಮನೆ ಸೇರುತ್ತಾಳೆ. ಒಂದು ಹನಿ ಪೆಟ್ರೋಲೂ ವ್ಯಯವಾಗದ ಇಂಥ ಜೀವನದಿಂದ ದೇಶದ ಅರ್ಥವ್ಯವಸ್ಥೆಗೆ ಏನು ಪ್ರಯೋಜನ?

ಇದಕ್ಕೆ ಪರಿಹಾರವು ಎನ್‌.ಎ. ಪ್ಲಾಟುಗಳಲ್ಲಿದೆ. ಕೃಷಿಯಿಂದ ಮುಕ್ತಿ ಪಡೆದ ಆ ಭೂಮಿಯಲ್ಲಿ ಮನೆಗಳ ಹೊರತು ಬೇರೇನೂ ಇರಕೂಡದು. ಅಂಗಡಿಗಳೆಲ್ಲ ಹೆದ್ದಾರಿಯ ಒಂದು ಮಗ್ಗುಲಿಗೂ ಶಾಲೆಗಳೆಲ್ಲ ಇನ್ನೊಂದು ಮಗ್ಗುಲಿಗೂ ಇರಲಿ. ಕಚೇರಿಗಳನ್ನಂತೂ ವಡಾಪ ಜೀಪಿನವನೂ ದಾರಿ ಕೇಳುವಷ್ಟು ದೂರದಲ್ಲಿ ಸ್ಥಾಪಿಸತಕ್ಕದ್ದು. ಬೀದಿಯತ್ತ ಬಾಗಿಲು ಕಿಟಕಿಗಳಿಗೆ ಬದಲು ಉದ್ದಾನುದ್ದ ಕಂಪೌಂಡ್ ಗೋಡೆಗಳು ಮುಖಮಾಡಿದರೆ, ಸಂಜೆಯ ಹೊತ್ತು ಒಂಟಿ ಹೆಣ್ಣುಮಗಳು ಅಲ್ಲಿ ಕಾಲಿಡಲಾರಳು. ಮರಗಳನ್ನು ಕಡಿದರೆ ಬಿಸಿಲೇ ಉಳಿದವರನ್ನು ಮನೆಯೊಳಗೆ ಕೂಡಿಹಾಕುವುದು. ನಡೆಯಕೂಡದೆಂಬ ಕಾನೂನನ್ನು ಮಾಡುವ ಶ್ರಮವೇ ತಮಗೆ ಬೇಡ.

ಕಾಲುದಾರಿಯ ವಿಷಯವೊಂದು ತಮ್ಮನ್ನು ಕಾಡಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯು ಅದು ವಸತಿಪ್ರದೇಶದಲ್ಲಿ ಕನಿಷ್ಠ 1.8 ಮೀಟರ್, ವ್ಯಾಪಾರದ ಬೀದಿಯಲ್ಲಿ 2.5 ಮೀಟರ್ ಅಗಲವಿರಬೇಕೆಂದೂ, ಎತ್ತರ 150 ಮಿಲಿಮೀಟರ್ ಮೀರಬಾರದೆಂದೂ ವಿಧಿಸಿದೆ. ಚಿಂತೆ ಬೇಡ; ಅಂಥದನ್ನು ಕಟ್ಟಿಸಿಯೇಬಿಡಿರಿ. ನಡೆದು ತಲಪಬೇಕಾದ ಸ್ಥಳವೇ ಇಲ್ಲದ ಬಳಿಕ, ಫರಸಿಕಲ್ಲು ಹಾಸಿದ ಆ ದಾರಿಯ ಮೇಲೆ ಫಟಫಟಿಗಳು ನಿಶ್ಚಿಂತೆಯಿಂದ ವಿಶ್ರಮಿಸುವುವು.

ಒಂದು ತೊಡಕು ಮಾತ್ರ ಉಳಿಯುತ್ತದೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆಂದು ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರಗಳ ಕಡೆಯಿಂದ ಸಾವಿರಾರು ಜನ ಹತ್ತಾರು ಮೈಲಿ ನಡೆದು ಬರುತ್ತಾರೆ. ಅರ್ಧ ಫರ್ಲಾಂಗು ದೂರದ ಕಿರಾಣಿಗೆ ಗಾಡಿ ಹೊರಡಿಸುವ ಗೃಹಸ್ಥರೂ ಅವರಲ್ಲಿರುತ್ತಾರೆ. ಕಾಲುಗಳಲ್ಲಿ ದೋಷವಿಲ್ಲವೆಂದಾಯಿತು. ಇದು ಭಕ್ತಿಯ ಮಹಿಮೆಯೆಂದು ತಾವು ಹೇಳಬಹುದು, ನಾನೂ ಅಲ್ಲಗಳೆಯೆನು. ಆದರೆ ಆ ದಿನಗಳಲ್ಲಿ ದಾರಿಯುದ್ದಕ್ಕೂ ಊರವರು ಮಂಟಪ ಹಾಕಿ, ನೀರಿಟ್ಟು, ದಾಸೋಹ ನಡೆಸಿ, ದಣಿದವನಿಗೆ ಕುಳ್ಳಿರಲು ಚಾಪೆ ಹಾಸುವರೆಂಬುದನ್ನೂ ತಾವು ಗಮನಿಸಬೇಕು. ನೆರಳು, ನೀರು, ಜೊತೆಗೆ ಜನ, ತಲಪಲು ಒಂದು ನೆಲೆ — ಇಷ್ಟು ದೊರೆತಲ್ಲಿ ನಮ್ಮವರು ನಡೆದೇ ತೀರುತ್ತಾರೆ. ಇದೇ ಸೌಕರ್ಯವನ್ನು ವರ್ಷದ ಉಳಿದ ದಿನಗಳಿಗೂ ವಿಸ್ತರಿಸಿದರೆ ಊರು ಹೇಗಿದ್ದೀತೆಂಬ ಅಪಾಯಕರ ಆಲೋಚನೆ ಯಾರಿಗಾದರೂ ಹೊಳೆದೀತು, ಎಚ್ಚರದಿಂದಿರಿ.

ಒಂದು ವೇಳೆ ತಮಗೇ ಅದು ಹೊಳೆದು, ಗಿರಣಿಯನ್ನೂ ಶಾಲೆಯನ್ನೂ ಅಂಗಡಿಯನ್ನೂ ಮನೆಗಳ ನಡುವೆ ತಂದಿಡುವ ಮನಸ್ಸಾಗಿ, ಆದರೆ ನಿಯಮಗಳು ಅಡ್ಡಬಂದರೆ, ಒಂದು ಉಪಾಯವುಂಟು: ಅವೆಲ್ಲವನ್ನೂ ದೇವಸ್ಥಾನಗಳೆಂದು ಘೋಷಿಸಿಬಿಡಿರಿ. ನಮ್ಮ ಜನ ಹರಕೆ ಹೊತ್ತಾದರೂ ನಡೆದುಹೋದಾರು. ತಾವೂ ಒಮ್ಮೆ ವಾಹನದಿಂದಿಳಿದು ಬರಿಗಾಲಲ್ಲಿ ಬರಬೇಕಾದೀತು.

ಇತಿ ತಮ್ಮ ವಿಧೇಯ,
ಜತ್ತ ತಾಲೂಕಿನ ಒಬ್ಬ ಪಾದಚಾರಿ