ಸರ್ವಾನುಮತದ ಘಾಟು

ಬ್ಯಾಡಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಠರಾವು ಪುಸ್ತಕ ಇದು. ಊರಿನ ಹೆಸರು ಹಾಕಬಾರದೆಂಬ ಕರಾರಿನ ಮೇಲೆ ಬಾಯಿ ಬಿಟ್ಟಿತು. ಪುಟ ತೆರೆದೊಡನೆ ನನಗೆ ಮೂರು ಸೀನು.

ಇದೇನು ಘಾಟು?

ಮೆಣಸಿನಕಾಯಿ ತುಂಬು ಬಿಡಿಸಾಕ ಹೋಗಿದ್ದ ಹೆಣ್ಮಕ್ಕಳು ಅದ ಕೈಲೆ ಹೆಬ್ಬಟ್ಟು ಒತ್ಯಾರ್ರಿ. ಆಡಿಟ್ ಸಾಹೇಬ್ರು ಪುಟ ತಿರುವಿ ಕಣ್ಣು ಒರೆಸಿಕೊಂಡ್ರು. ನಮ್ಮ ಲೆಕ್ಕ ನೋಡಿ ಅತ್ತಾವ್ರು ಅವರೊಬ್ರ.

ನಿಮ್ಮ ಮನೆತನ?

ಅಜ್ಜ ಮುಂಬಯಿ ಸರ್ಕಾರದಾಗ ಇದ್ದಾಂವ. ಅದಕ್ಕ ನಾವಿನ್ನೂ 'ಠರಾವು' ಅಂತೀವಿ. 1956ರಾಗ ಮೈಸೂರು ರಾಜ್ಯಕ್ಕ ಬಂದ್ವಿ, 1959ರಾಗ ಹೊಸ ಪಂಚಾಯ್ತಿ ಕಾಯ್ದೆ. ಅಪ್ಪ 1987ರ ಮಂಡಲ ಪಂಚಾಯ್ತಿಯಾವ. ಬೋರು ಹೊಡಿಸಿ 'ನೀರ್ ಸಾಬ್' ಅನಿಸಿಕೊಂಡ ಮಂತ್ರಿ ನಜೀರ್ ಸಾಬ್ರ ಕಾಲ. ಮಂಡಲದ ಮುಖ್ಯಸ್ಥ ಪ್ರಧಾನರಿಗೆ ಭಾರಿ ವಜನು. 1993ರ ಕಾಯ್ದೆಗೆ ಮಂಡಲ ಹೋಗಿ ಗ್ರಾಮ ಪಂಚಾಯ್ತಿ ಆತು. 1997ಕ್ಕ ಹಾವೇರಿ ಜಿಲ್ಲಾ ಆತು. ಧಾರವಾಡದಾಗ ಕುಂದ್ರುತ್ತಿದ್ದ ಕಾಗದ ಹಾವೇರ್ಯಾಗ ಕುಂದ್ರಾಕ ಹತ್ತಿದ್ವು.

ಗ್ರಾಮಸಭೆಗೆ ಜನ ಬರ್ತಾರಾ?

ಸಹಿ ಬರ್ತಾವ. ನಳ ಬಿಡೋ ಹೊತ್ತಿಗೆ ವಾಟರ್‌ಮನ್ ನನ್ನ ಬಗಲಾಗ ಇಟ್ಕೊಂಡು ಮನಿ ಮನಿಗೆ ಹೋಗ್ತಾನ. ಆ ಹೊತ್ತಿನಾಗ ಒಲ್ಲೆ ಅನ್ನೋ ಧೈರ್ಯ ಯಾರಿಗೈತ್ರಿ?

ಅಧ್ಯಕ್ಷೆಯವರು?

2010ರಿಂದ ಅರ್ಧ ಮೀಸಲು ಹೆಣ್ಮಕ್ಕಳದು. ಮೊದಲ ಮೂರು ಮೀಟಿಂಗು ಯಜಮಾನ್ರು ಕುರ್ಚಿ ಮ್ಯಾಲೆ, ಅಕ್ಕಾರು ಬಾಗಿಲ ಬಲ್ಲಿ. ನಾಲ್ಕನೇದಕ್ಕ ಅಕ್ಕಾರು ಸೆರಗು ಸಿಗಿಸಿ, 'ಆ ಗಟಾರದ ಬಿಲ್ಲು ಒಂಚೂರು ಓದ್ರಿ, ಕೇಳೂಣು' ಅಂದ್ರು. ಅವತ್ತಿನ ಪುಟದಾಗ 'ಸಭೆಯನ್ನು ಮುಂದೂಡಲಾಯಿತು' ಅಂತ ಐತಿ.

ಉಳಿದ ಎಲ್ಲ ಪುಟದಲ್ಲೂ 'ಸರ್ವಾನುಮತ' ಅಂತಿದೆ!

ಅದು ರೂಢಿ. ಖರೇ ಸರ್ವಾನುಮತ ಬೇಕಂದ್ರ ತಾಲ್ಲೂಕು ಪಂಚಾಯ್ತಿಗೆ ಹೋಗ್ರಿ. 2016ರಾಗ ಆರಿಸಿ ಬಂದವರ ಅವಧಿ 2021ಕ್ಕ ಮುಗೀತು. ಹೊಸ ಚುನಾವಣೆ ಬದಲು ಆಡಳಿತಾಧಿಕಾರಿ ಬಂದ್ರು. ಮಂಡನೆ ಅವರದ, ಅನುಮೋದನೆ ಅವರದ, ಸಹೀನೂ ಅವರದ. ಜಗಳ ಆಗಬೇಕಂದ್ರ ಸಾಹೇಬ್ರು ಕನ್ನಡಿ ಮುಂದ ನಿಂದರಬೇಕು.

(ಜಿಲ್ಲಾ ಪಂಚಾಯ್ತಿ ಕಥೆಯೂ ಇದೇ. ಪುಸ್ತಕ ದೊಡ್ಡವರ ಮನೆ ಸುದ್ದಿ ಬೇಡವೆಂದಿತು.)

ಠರಾವಿಗೂ ಸಹಿಗೂ ನಡುವೆ ಯಾಕಿಷ್ಟು ಜಾಗ ಖಾಲಿ?

ಬರೋ ವಾರ ನೆನಪಾಗೋ ಕಾಮಗಾರಿಗೆ. ನೀವೂ ಇದರ ಕೆಳಗ ಸಹಿ ಹಾಕೂ ಮುಂಚೆ ನಾಲ್ಕು ಸಾಲು ಬಿಡ್ರಿ. ನಾ ಏನು ಹೇಳಿದ್ದೆ ಅಂತ ಆಮ್ಯಾಲೆ ಬರೆಸೂಣು.