ಸದರಿ ತಂಗುದಾಣದ ಹೇಳಿಕೆ

ಕೊಪ್ಪ ತಾಲ್ಲೂಕಿನ ಹಳ್ಳಿಯೊಂದರ ಕ್ರಾಸಿನಲ್ಲಿರುವ ಪ್ರಯಾಣಿಕರ ತಂಗುದಾಣವನ್ನು ಗುಡ್ಡಗಾಡಿನ ಹೊಗೆರಹಿತ ಬಸ್ಸುಗಳ ಅನುದಾನದ ವಿಷಯದಲ್ಲಿ ತಜ್ಞಸಾಕ್ಷಿಯೆಂದು ಪರಿಗಣಿಸಲು ಕಾರಣವೆಂದರೆ, ಬಸ್ಸಿಗಾಗಿ ಅದರಷ್ಟು ಕಾದವರು ಆ ಸೀಮೆಯಲ್ಲಿ ಬೇರೆ ಯಾರೂ ಇಲ್ಲ. ಸರ್ಕಾರಿ ಹಣದಿಂದ ಹುಟ್ಟಿದ ಈ ಕಟ್ಟಡ ಕಡತದ ಕನ್ನಡವನ್ನೇ ಮನೆಮಾತಾಗಿ ಕಲಿತಿರುವುದರಿಂದ ತನ್ನನ್ನು ‘ಸದರಿ ತಂಗುದಾಣ’ವೆಂದೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ಬಸ್ಸಿಗೆ ಮೊದಲೇ ತಂಗುದಾಣಕ್ಕೆ ಹಣ ಮಂಜೂರಾದುದು ಹೇಗೆ?

ಉತ್ತರ: ಕ್ಷೇತ್ರದ ಸಣ್ಣಪುಟ್ಟ ಕಾಮಗಾರಿಗಳಿಗೆಂದು ಶಾಸಕರಿಗೆ ವರ್ಷವರ್ಷವೂ ಒದಗಿಸಲಾಗುವ ಪ್ರದೇಶಾಭಿವೃದ್ಧಿ ನಿಧಿಯಿಂದ ಸದರಿ ತಂಗುದಾಣವು ನಿರ್ಮಾಣಗೊಂಡಿದ್ದು, ಇದರ ಹಣೆಯ ಮೇಲೆ ಊರಿನ ಹೆಸರಿಗಿಂತ ಶಾಸಕರ ಹೆಸರು ದಪ್ಪಕ್ಷರದಲ್ಲಿದೆ. ಗೋಡೆಯ ಮೇಲೆ ಬರೆದ ಹೆಸರು ಇದ್ದಲ್ಲೇ ಇರುತ್ತದೆ. ಬಸ್ಸಿನ ಮೇಲೆ ಬರೆದರೆ ಪಕ್ಕದ ಕ್ಷೇತ್ರಕ್ಕೂ ಹೋಗಿಬಿಡುತ್ತದೆ.

ಪ್ರಶ್ನೆ: ಕೇಂದ್ರದ ವಿದ್ಯುತ್ ಬಸ್ಸುಗಳ ಪೈಕಿ ಒಂದಾದರೂ ಇತ್ತ ಬರಬಹುದೇ?

ಉತ್ತರ: 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯ ಅಂದಾಜು ವೆಚ್ಚ 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ, ಬಸ್ಸುಗಳು 10,000. ಆದರೆ 2011ರ ಜನಗಣತಿಯಂತೆ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗಷ್ಟೇ ಅರ್ಹತೆಯಿದ್ದು, ಕೇಂದ್ರಾಡಳಿತ ಪ್ರದೇಶಗಳ, ಈಶಾನ್ಯ ಹಾಗೂ ಗುಡ್ಡಗಾಡು ರಾಜ್ಯಗಳ ರಾಜಧಾನಿಗಳಿಗೆ ಮಾತ್ರ ಈ ಷರತ್ತಿನಿಂದ ವಿನಾಯಿತಿ ನೀಡಿರುವುದರಿಂದ, ಶಿಮ್ಲಾಕ್ಕೆ ಸಿಗುವ ರಿಯಾಯಿತಿ ಸುಮಾರು 33 ಸಾವಿರ ಜನರ ಮಡಿಕೇರಿಗೆ ಸಿಗುವುದಿಲ್ಲ. ಬೆಟ್ಟವನ್ನು ಬೆಟ್ಟವೆಂದು ಒಪ್ಪಲು ಅದರ ನೆತ್ತಿಯ ಮೇಲೊಂದು ವಿಧಾನಸಭೆ ಇರಬೇಕೆಂಬುದು ಸದರಿ ತಂಗುದಾಣದ ಗ್ರಹಿಕೆ. 2024ರ ಪಿಎಂ ಇ-ಡ್ರೈವ್ ಯೋಜನೆಯು ಬಸ್ಸುಗಳ ಮಟ್ಟಿಗೆ ನಲವತ್ತು ಲಕ್ಷ ಜನಸಂಖ್ಯೆ ಮೀರಿದ ಮಹಾನಗರಗಳತ್ತಲೇ ಮುಖ ಮಾಡಿರುವುದರಿಂದ ಆ ಬಗ್ಗೆ ಹೇಳುವುದೇನೂ ಇಲ್ಲ.

ಪ್ರಶ್ನೆ: ವಿದ್ಯುತ್ ಬಸ್ಸು ಘಟ್ಟ ಹತ್ತಲಾರದೆಂಬ ಕಾರಣಕ್ಕೆ ಹೀಗೆ ಮಾಡಿರಬಹುದಲ್ಲವೇ?

ಉತ್ತರ: ಮನಾಲಿಯಿಂದ ಸುಮಾರು 13,000 ಅಡಿ ಎತ್ತರದ ರೋಹ್ತಾಂಗ್ ಕಣಿವೆದಾರಿಗೆ ಹಿಮಾಚಲದ ಸಾರಿಗೆ ನಿಗಮ 2017ರಲ್ಲೇ ಇಂಥ ಬಸ್ಸನ್ನು ಹತ್ತಿಸಿ ತೋರಿಸಿದೆ. ಇಳಿಜಾರಿನಲ್ಲಿ ಮೋಟಾರು ತಾನೇ ಜನರೇಟರಿನಂತೆ ತಿರುಗಿ, ವೇಗವನ್ನು ತಗ್ಗಿಸುತ್ತಲೇ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುವುದರಿಂದ, ಹತ್ತುವಾಗ ಖರ್ಚಾದುದರಲ್ಲಿ ಒಂದಷ್ಟು ಇಳಿಯುವಾಗ ವಾಪಸಾಗುತ್ತದೆ; ಡೀಸೆಲ್ ಬಸ್ಸಿನಲ್ಲಿ ಹತ್ತುವಾಗ ಸುಟ್ಟದ್ದು ಸುಟ್ಟಂತೆಯೇ. ನಿಜವಾದ ತೊಡಕು ಲೆಕ್ಕದ್ದು. ಬಸ್ಸಿನ ಒಡೆತನವೂ ಚಾಲನೆಯೂ ಖಾಸಗಿಯವರದ್ದಾಗಿದ್ದು, ಓಡಿದ ದೂರಕ್ಕೆ ತಕ್ಕಂತೆ ಅವರಿಗೆ ಹಣ ಸಲ್ಲುವ ಇ-ಬಸ್ ಸೇವಾ ಯೋಜನೆಯ ಏರ್ಪಾಡಿನಲ್ಲಿ ಕೇಂದ್ರದ ನೆರವು ಬಸ್ಸಿನ ಉದ್ದವನ್ನು ನೋಡಿ ಕಿಲೋಮೀಟರಿಗೆ 20, 22 ಅಥವಾ 24 ರೂಪಾಯಿ ಎಂದು ನಿಗದಿಯಾಗಿದೆ. ಬಯಲುಸೀಮೆಯ ನೆಟ್ಟನೆ ರಸ್ತೆಯಲ್ಲಿ ಒಂದು ಗಂಟೆಗೆ ಕ್ರಮಿಸುವ ದೂರಕ್ಕೆ ಇಲ್ಲಿನ ತಿರುವುಗಳಲ್ಲಿ, ಅಡ್ಡ ಬಂದ ದನಗಳನ್ನು ಎಬ್ಬಿಸಿಕೊಂಡು, ಎದುರು ಬಂದ ಅಡಿಕೆ ಲಾರಿಗೆ ದಾರಿ ಬಿಟ್ಟುಕೊಟ್ಟು ಸಾಗಲು ಎರಡು ಗಂಟೆ ಹಿಡಿಯುವುದಾದರೆ, ಚಾಲಕನ ಸಂಬಳ ಗಂಟೆಯ ಲೆಕ್ಕದಲ್ಲಿ ಏರುತ್ತದೆ, ನೆರವು ಮಾತ್ರ ಕಿಲೋಮೀಟರಿಗೇ ಅಂಟಿಕೊಂಡಿರುತ್ತದೆ. ಸದರಿ ಸೂತ್ರವನ್ನು ಬರೆದವರು ಗಡಿಯಾರ ನೋಡದೆ ಮೈಲಿಗಲ್ಲನ್ನಷ್ಟೇ ಎಣಿಸಿದಂತೆ ಕಾಣುತ್ತದೆ.

ಪ್ರಶ್ನೆ: ಹಿಂದೆ ಇಲ್ಲಿ ಬಸ್ಸುಗಳೇ ಇರಲಿಲ್ಲವೇ?

ಉತ್ತರ: ಇದ್ದವು. ಕೆಲಸ ಕಳೆದುಕೊಂಡ ಸಾರಿಗೆ ಕಾರ್ಮಿಕರೇ ಕೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’, ಎಂದರೆ ದುಡಿಯುವವರೇ ಮಾಲೀಕರಾಗಿದ್ದ ಬಸ್ ಸಂಸ್ಥೆ, ಮೂಲೆಮೂಲೆಯ ಹಳ್ಳಿಗಳನ್ನು ಮುಟ್ಟಿ, 2020ರಲ್ಲಿ ನಷ್ಟ ತಾಳಲಾರದೆ ನಿಂತಿತು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದರೂ, ಸರ್ಕಾರಿ ಬಸ್ಸು ಬಾರದ ಕ್ರಾಸುಗಳಲ್ಲಿ ಮಹಿಳೆಯರು ಆಧಾರ್ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಖಾಸಗಿ ಬಸ್ಸಿಗೆ ಪೂರ್ತಿ ದುಡ್ಡು ಕೊಡುತ್ತಿದ್ದಾರೆ.

ಪ್ರಶ್ನೆ: ಮುಂದೊಂದು ದಿನ ವಿದ್ಯುತ್ ಬಸ್ಸು ಬಂದೇ ಬಂದರೆ ಚಾರ್ಜಿಂಗ್ ವ್ಯವಸ್ಥೆ?

ಉತ್ತರ: ಸದರಿ ತಂಗುದಾಣದ ಎಡಗೋಡೆಗೆ ಮೊಬೈಲ್ ಚಾರ್ಜಿಂಗಿಗೆಂದು ಪ್ಲಗ್ ಪಾಯಿಂಟೊಂದನ್ನು ಈಗಾಗಲೇ ಅಳವಡಿಸಿ ಉದ್ಘಾಟನೆಯನ್ನೂ ನೆರವೇರಿಸಲಾಗಿದೆ. ವಿದ್ಯುತ್ ಸಂಪರ್ಕದ ಅರ್ಜಿ ಪರಿಶೀಲನೆಯಲ್ಲಿದೆ.