ಸೂಕರ ಮಂದಪಾಕ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆರಂಭಿಸಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಅಗ್ಗದ ಹಂದಿಮಾಂಸವನ್ನು ಸ್ಲೋ ಕುಕ್ಕರಿನಲ್ಲಿ ಬೇಯಿಸುವುದು. ಪ್ರಯೋಜನ: ಊಟ. ಸಂಬಂಧ: ಮೊದಲನೆಯದರಿಂದ ಎರಡನೆಯದು ಉಂಟಾಗುತ್ತದೆ, ಆದರೆ ಕೂಡಲೇ ಅಲ್ಲ. ಇನ್ನು ಅಧಿಕಾರಿ ಯಾರು? ಅಮೆರಿಕದ ಯಾವುದೋ ಊರಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಮರಳುವ, ತಿಂಗಳ ಕೊನೆಯಲ್ಲಿ ಕಿಸೆ ಮುಟ್ಟಿ ನೋಡಿಕೊಳ್ಳುವ, ಹಂದಿಮಾಂಸದ ವಿಷಯದಲ್ಲಿ ಮಡಿಯಿಲ್ಲದ ಕನ್ನಡಿಗ. ಅವನು ಕೊಡವನೋ ಮಂಗಳೂರಿನ ಕ್ರೈಸ್ತನೋ ಆಗಿದ್ದರೆ ಅಧಿಕಾರ ಹುಟ್ಟಿನಿಂದಲೇ ಸಿದ್ಧ. ಮಿಕ್ಕವರು ದೀಕ್ಷೆ ಪಡೆದು ಬರಬಹುದು. ದೀಕ್ಷಾಗುರು ಸಾಮಾನ್ಯವಾಗಿ ರೂಮ್‌ಮೇಟೇ ಆಗಿರುತ್ತಾನೆ.

ಪೂರ್ವಾಚಾರ್ಯರ ಮತವನ್ನು ಪರಿಶೀಲಿಸೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಹಂದಿಯ ಕೂದಲು ತೆಗೆಯುವಲ್ಲಿಂದ ಹಿಡಿದು ಪಾಕವಿಧಿಯನ್ನು ಸಾವಧಾನವಾಗಿ ವಿವರಿಸುತ್ತಾನೆ. ಆದರೆ ಚಕ್ರವರ್ತಿಯಾದವನಿಗೆ ‘ಅಗ್ಗ’ ಎಂಬ ಪದಾರ್ಥದ ಜ್ಞಾನವಿರಲು ಸಾಧ್ಯವಿಲ್ಲವಾದ್ದರಿಂದ ನಮ್ಮ ಶಾಸ್ತ್ರದಲ್ಲಿ ಅವನ ಪ್ರಾಮಾಣ್ಯ ಅರ್ಧ ಮಾತ್ರ. 16ನೆಯ ಶತಮಾನದ ಮೂರನೆಯ ಮಂಗರಸ ಕನ್ನಡದಲ್ಲೇ ‘ಸೂಪಶಾಸ್ತ್ರ’ ರಚಿಸಿದ. ಜೈನನಾದ ಅವನು ಹಂದಿಯ ವಿಷಯದಲ್ಲಿ ಪೂರ್ಣ ಮೌನ. ಇಬ್ಬರೂ ಮೂರನೆಯವರೇ ಎಂಬುದನ್ನು ವಿದ್ವಾಂಸರು ಗಮನಿಸಬೇಕು. ಅದರಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಉಪಕರಣದ ವಂಶಾವಳಿ ಹುಡುಕಿ ಹೊರಟರೆ ಶಿಕಾಗೊದಲ್ಲಿದ್ದ ಅರ್ವಿಂಗ್ ನ್ಯಾಕ್ಸನ್ ಎಂಬ ಯಹೂದಿ ಶೋಧಕ ಸಿಗುತ್ತಾನೆ. ಅವನ ತಾಯಿ ಹೇಳುತ್ತಿದ್ದ ಕಥೆ ಲಿಥುವೇನಿಯಾದ್ದು. ಸಬ್ಬತ್ ದಿನ ಬೆಂಕಿ ಹೊತ್ತಿಸಕೂಡದೆಂಬ ನಿಯಮವಿದ್ದುದರಿಂದ ಅಲ್ಲಿನ ಯಹೂದಿ ಮನೆಗಳವರು ಶುಕ್ರವಾರ ಹೊತ್ತು ಮುಳುಗುವ ಮುಂಚೆ ಕಾಳು, ಗೆಡ್ಡೆ, ಮಾಂಸ ತುಂಬಿದ ಚೋಲೆಂಟ್ ಗಡಿಗೆಯನ್ನು ಊರ ಬೇಕರಿಯ ಆರುತ್ತಿರುವ ಒಲೆಯೊಳಗಿಟ್ಟು ಮರುದಿನ ತರುತ್ತಿದ್ದರು. ಮಗ ಆ ಗಡಿಗೆಗೆ ವಿದ್ಯುತ್ ಹಾಯಿಸಿ 1940ರಲ್ಲಿ ಪೇಟೆಂಟ್ ಪಡೆದ. 1970ರಲ್ಲಿ ರೈವಲ್ ಕಂಪನಿ ಅವನ ವ್ಯಾಪಾರವನ್ನು ಕೊಂಡುಕೊಂಡು, ಮರುವರ್ಷ ಅದೇ ಗಡಿಗೆಯನ್ನು ಕ್ರಾಕ್-ಪಾಟ್ ಎಂದು ಕರೆದು ಅಮೆರಿಕದ ಅಡುಗೆಮನೆಗಳಿಗೆ ನುಗ್ಗಿಸಿತು. ಹಂದಿಯನ್ನು ಮುಟ್ಟದ ಧರ್ಮದ ಸಬ್ಬತ್ ಗಡಿಗೆ ಈಗ ಆ ದೇಶದಲ್ಲಿ ಹಂದಿಯ ಭುಜ ಬೇಯಿಸುವುದಕ್ಕೆ ಹೆಸರಾಗಿದೆ. ಕರ್ತೃವಿನ ಸಂಕಲ್ಪಕ್ಕೂ ಕರ್ಮದ ಫಲಕ್ಕೂ ನಂಟು ಇರಲೇಬೇಕೆನ್ನುವ ವಾದ ಇಲ್ಲಿಗೆ ಬಿದ್ದುಹೋಯಿತು.

ಈಗ ತರ್ಕ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದು ನೈಯಾಯಿಕರ ಮೊದಲ ಪಾಠ. ಅಮೆರಿಕದ ಅಪಾರ್ಟ್‌ಮೆಂಟುಗಳ ಚಾವಣಿಯಲ್ಲಿ ಈ ಒಂದೇ ಪಾಠ ಕಲಿತು ಶಾಲೆ ಬಿಟ್ಟ ನೈಯಾಯಿಕನೊಬ್ಬನನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಸಾಕು, ಕಟ್ಟಡಕ್ಕೆಲ್ಲ ಕೇಳುವಂತೆ ತನ್ನ ಅನುಮಾನ ಪ್ರಮಾಣವನ್ನು ಮಂಡಿಸತೊಡಗುತ್ತಾನೆ. ಖಂಡನೆಗೆ ಟವೆಲ್ ಬೀಸುವುದೊಂದೇ ಮಾರ್ಗ. ಬೆಂಕಿಯಿದ್ದೂ ಹೊಗೆಯಿಲ್ಲದ್ದಕ್ಕೆ ಶಾಸ್ತ್ರಕಾರರು ಕೊಡುವ ದೃಷ್ಟಾಂತ ಕಾದ ಕಬ್ಬಿಣದ ಗುಂಡು. ಆದರೆ ಕಬ್ಬಿಣದ ಗುಂಡು ಊಟಕ್ಕೆ ಒದಗುವುದಿಲ್ಲ. ಸ್ಲೋ ಕುಕ್ಕರ್ ಒದಗುತ್ತದೆ. 200ರಿಂದ 300 ವಾಟ್ ಎಳೆಯುವ ಯಂತ್ರ ಹತ್ತು ಗಂಟೆ ಉರಿದರೂ ಎರಡು ಮೂರು ಯೂನಿಟ್ಟಿನ ಮೇಲೆ ಹೋಗದು, ಹೊಗೆಯೂ ಇಲ್ಲ, ಚಾವಣಿಯ ತಾರ್ಕಿಕನಿಗೆ ಹೇತುವೇ ಸಿಗದು. (ಸ್ಲೋ ಕುಕ್ಕರಿನಿಂದಲೇ ಹೊಗೆ ಬಂದರೆ? ತರ್ಕ ಬಿಟ್ಟು ಪ್ಲಗ್ ಕೀಳಬೇಕು.)

ಪ್ರಬಂಧದ ಮುಖ್ಯ ಪ್ರತಿಜ್ಞೆ ಇದು: ಈ ಮಾಂಸ ರುಚಿಯಾಗಿರುತ್ತದೆ, ಏಕೆಂದರೆ ಇದು ಅಗ್ಗ.

ಪೂರ್ವಪಕ್ಷಿ ಕೂಡಲೇ ಏಳುತ್ತಾನೆ. ಅಗ್ಗವಾದದ್ದೆಲ್ಲ ರುಚಿಯಾಗಿದ್ದರೆ ವಿಮಾನದ ಊಟವೂ ರುಚಿಯಾಗಿರಬೇಕಿತ್ತು, ಆದ್ದರಿಂದ ಹೇತುವಿಗೆ ವ್ಯಭಿಚಾರ ದೋಷ ಎನ್ನುತ್ತಾನೆ. ನಿಜ. ಆದರೆ ಆ ಹೇತುವಿನ ಹಿಂದೆ ಒಂದು ಉಪಾಧಿಯಿದೆ. ಹಸಿ ಸೌದೆಯಿದ್ದರೆ ಮಾತ್ರ ಬೆಂಕಿಯಿಂದ ಹೊಗೆ ಬರುವ ಹಾಗೆ, ಕೊಲಾಜೆನ್ ಇದ್ದರೆ ಮಾತ್ರ ಅಗ್ಗದಿಂದ ರುಚಿ ಬರುತ್ತದೆ. ಹಂದಿಯ ಮುಂಗಾಲಿನ ಭುಜ ಅದರ ಆಯುಷ್ಯವಿಡೀ ದುಡಿದ ಅಂಗ. ದುಡಿದ ಸ್ನಾಯುವಿನ ನಡುನಡುವೆ ಗಟ್ಟಿ ಜೋಡಣೆಯ ನಾರು, ಅದರೊಂದಿಗೆ ಕೊಬ್ಬಿನ ಪದರ. ಭುಜದ ಮೇಲ್ಭಾಗವನ್ನು ಅಲ್ಲಿನ ಕಟುಕರು ಬಾಸ್ಟನ್ ಬಟ್ ಎನ್ನುತ್ತಾರೆ, ಕೆಳಭಾಗವನ್ನು ಪಿಕ್ನಿಕ್ ಶೋಲ್ಡರ್. ಬೆನ್ನುಮೂಳೆಯ ಅಡಿಯಲ್ಲಿ ಕೆಲಸವಿಲ್ಲದೆ ಮಲಗಿರುವ ಟೆಂಡರ್‌ಲಾಯಿನ್ ಮೃದು, ಕೊಬ್ಬಿಲ್ಲದ್ದು, ದುಬಾರಿ. ದುಡಿಯುವವನಿಗೆ ಕಡಿಮೆ ದರ, ಸುಮ್ಮನಿದ್ದವನಿಗೆ ಹೆಚ್ಚು ದರ ಎಂಬ ಲೋಕನಿಯಮ ಹಂದಿಯ ದೇಹದೊಳಗೂ ಜಾರಿಯಲ್ಲಿದೆ. ಇದು ಅರ್ಥಶಾಸ್ತ್ರದವರು ನೋಡಿಕೊಳ್ಳಬೇಕಾದ ಪ್ರಕರಣ. ನಾವು ಭುಜ ಕೊಂಡು ಮುಂದೆ ಹೋಗೋಣ.

ಇಲ್ಲಿಂದ ಮುಂದೆ ದರ್ಶನಗಳ ಬಹು ಹಳೆಯ ಜಗಳವೊಂದರ ಸಹಾಯ ಬೇಕು. ಹಸಿ ಮಣ್ಣಿನ ಮಡಕೆ ಆವಿಗೆಯಲ್ಲಿ ಬೆಂದು ಕಪ್ಪು ಕಳೆದು ಕೆಂಪಾಗುತ್ತದಲ್ಲ, ಆಗ ಬೇಯುವುದು ಯಾವುದು? ಮಡಕೆ ಪರಮಾಣುಗಳವರೆಗೆ ಬಿಡಿಬಿಡಿಯಾಗಿ, ಆ ಪರಮಾಣುಗಳು ಬೆಂದು ಬಣ್ಣ ಬದಲಿಸಿ, ಮತ್ತೆ ಕೂಡಿಕೊಂಡು ಮಡಕೆಯಾಗುತ್ತವೆ ಎಂದು ವೈಶೇಷಿಕರು. ಇದು ಪೀಲುಪಾಕವಾದ. ಹಾಗೇನಿಲ್ಲ, ಮಡಕೆ ಮಡಕೆಯಾಗಿಯೇ ಇರುತ್ತದೆ, ಸೂಕ್ಷ್ಮ ರಂಧ್ರಗಳಿಂದ ಶಾಖ ಒಳಹೊಕ್ಕು ಇಡಿಯೇ ಬೇಯುತ್ತದೆ ಎಂದು ನೈಯಾಯಿಕರು. ಇದು ಪಿಠರಪಾಕವಾದ. ಶತಮಾನಗಳು ಉರುಳಿದರೂ ಜಗಳ ಮುಗಿಯಲಿಲ್ಲ. ಕಾರಣ ಸ್ಪಷ್ಟ: ಎರಡೂ ಪಕ್ಷದವರು ಮಡಕೆಯನ್ನೇ ನೋಡುತ್ತ ಕೂತರೇ ಹೊರತು, ಒಳಗೇನು ಬೇಯುತ್ತಿದೆ ಎಂದು ಒಬ್ಬನೂ ಕೇಳಲಿಲ್ಲ.

ಒಳಗಿರುವುದು ಟೆಂಡರ್‌ಲಾಯಿನ್ ಆದರೆ ಗೆಲುವು ನೈಯಾಯಿಕರದು. ಅದು ಇಡಿಯಾಗಿಯೇ ಬೇಯುತ್ತದೆ. ನಡುವಿನ ಶಾಖ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮೂರು ನಿಮಿಷ ವಿಶ್ರಮಿಸಿದರೆ ಸಾಕೆಂದು ಅಮೆರಿಕದ ಕೃಷಿ ಇಲಾಖೆಯ ನಿರ್ಣಯ. ಅದನ್ನು ಹತ್ತು ಗಂಟೆ ಸ್ಲೋ ಕುಕ್ಕರಿನಲ್ಲಿ ಕೂಡಿಹಾಕಿದರೆ ಉಳಿಯುವುದು ದುಬಾರಿ ಹತ್ತಿ. ಭುಜವಾದರೆ 63ರಲ್ಲಿ ತಿನ್ನಲು ನಿರಪಾಯ, ಅಗಿಯಲು ಅಸಾಧ್ಯ. 70ರ ಆಸುಪಾಸಿನಿಂದ ಕೊಲಾಜೆನ್ ನಿಧಾನವಾಗಿ ಜೆಲಾಟಿನ್ ಆಗಿ ಕರಗತೊಡಗುತ್ತದೆ. ಇದಕ್ಕೆ ಶಾಖದಷ್ಟೇ ಹೊತ್ತೂ ಬೇಕು. ಒಳಶಾಖ 90 ದಾಟಿ 95ರ ಹತ್ತಿರ ಬರುವಷ್ಟರಲ್ಲಿ ನಾರಿನ ಕಟ್ಟು ಬಿಚ್ಚಿ, ಮೂಳೆ ಕೈಯಲ್ಲಿ ಎಳೆದರೆ ಬರುತ್ತದೆ, ಮಾಂಸ ಎಳೆ ಎಳೆಯಾಗಿ ಬಿಡುತ್ತದೆ. ಬೇಯುವುದೆಂದರೆ ಬಿಡಿಬಿಡಿಯಾಗುವುದು ಎಂದ ವೈಶೇಷಿಕರಿಗೆ ಇದಕ್ಕಿಂತ ಪ್ರಮಾಣ ಬೇಕೆ? “ಬಿಡಿಯಾದದ್ದು ಮತ್ತೆ ಕೂಡಬೇಕಲ್ಲ, ಅದು ಎಲ್ಲಿ?” ಎಂದು ಪ್ರತಿವಾದಿ ಕೇಳುತ್ತಾನೆ. ಕೇಳಲಿ. ಉತ್ತರ ಫ್ರಿಜ್ಜಿನಲ್ಲಿದೆ, ನಾಳೆ ಬೆಳಿಗ್ಗೆ ಕೊಡಲಾಗುವುದು.

ವಿಧಿ ಹೀಗಿದೆ. ಎರಡು ಕೆ.ಜಿ.ಯ ಆಸುಪಾಸಿನ ಮೂಳೆಸಹಿತ ಭುಜ. ಅದು ಪೂರ್ತಿ ಕರಗಿರಬೇಕು. ಫ್ರೀಜರಿನಿಂದ ನೇರ ಗಡಿಗೆಗೆ ಹಾಕಿದರೆ 4ರಿಂದ 60 ಡಿಗ್ರಿಯ ನಡುವೆ ಹೆಚ್ಚು ಹೊತ್ತು ನಿಂತು ರೋಗಾಣುಗಳಿಗೆ ಮದುವೆ ಊಟವಾಗುತ್ತದೆ. ತಳಕ್ಕೆ ದಪ್ಪ ಈರುಳ್ಳಿ, ಮೈಗೆ ಉಪ್ಪು, ಕರಿಮೆಣಸು, ಜಜ್ಜಿದ ಬೆಳ್ಳುಳ್ಳಿ. ಊರಿನಿಂದ ಸೀಸೆಯಲ್ಲಿ ಕಾಚಂಪುಳಿ ತಂದಿದ್ದರೆ ಒಂದೆರಡು ಚಮಚ, ಇಲ್ಲದಿದ್ದರೆ ವಿನೆಗರ್. ಮಂಗಳೂರಿನವರು ಬಾಫತ್ ಪುಡಿ ಹಾಕುತ್ತೇವೆಂದರೆ ಶಾಸ್ತ್ರ ತಡೆಯುವುದಿಲ್ಲ, ತಡೆದರೂ ಅವರು ಕೇಳುವುದಿಲ್ಲ. ನೀರು ಅರ್ಧ ಲೋಟ ಸಾಕು, ಮಾಂಸ ತಾನೇ ಬಿಡುತ್ತದೆ. ‘ಲೋ’ದಲ್ಲಿ ಎಂಟರಿಂದ ಹತ್ತು ಗಂಟೆ. ‘ಲೋ’ಗೂ ‘ಹೈ’ಗೂ ಇರುವ ಭೇದ ವ್ಯಾವಹಾರಿಕ ಮಾತ್ರ. ಎರಡೂ ಕಡೆಗೆ ಸೇರುವುದು ಕುದಿಬಿಂದುವಿನ ಸಮೀಪದ ಹೆಚ್ಚುಕಡಿಮೆ ಒಂದೇ ಶಾಖವನ್ನು, ಒಂದು ಬೇಗ, ಒಂದು ತಡವಾಗಿ. ಹೊರಗೆ ದ್ವೈತ, ಒಳಗೆ ಅದ್ವೈತ.

ನಿಷೇಧ ಒಂದೇ: ಮುಚ್ಚಳ ತೆರೆಯಬಾರದು. ತೆರೆದಾಗಲೆಲ್ಲ ಕಾಲು ಗಂಟೆ, ಇಪ್ಪತ್ತು ನಿಮಿಷದ ಶಾಖ ಆವಿಯೊಂದಿಗೆ ಹೊರಟುಹೋಗುತ್ತದೆ. ಮುಚ್ಚಳ ಗಾಜಿನದಾಗಿರುವುದು ಭಕ್ತರ ದೌರ್ಬಲ್ಯ ಬಲ್ಲವರು ಮಾಡಿದ ಏರ್ಪಾಡು.

ಒಂದು ಶಂಕೆ ಉಳಿಯಿತು. ಮೊದಲು ಬಾಣಲೆಯಲ್ಲಿ ಕೆಂಪಗೆ ಸುಟ್ಟರೆ ರಸ ಒಳಗೇ ಬಂದಿಯಾಗುತ್ತದೆ ಎಂದು 1847ರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಪ್ರಚಾರ ಮಾಡಿದ. ಆ ಮಾತು ಸುಳ್ಳೆಂದು ಹೆರಾಲ್ಡ್ ಮೆಗಿ 1984ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ತೋರಿಸಿದ ಮೇಲೂ ಅಡುಗೆಮನೆಗಳಲ್ಲಿ ಲೀಬಿಗ್ ಪರಂಪರೆಯೇ ನಡೆದಿದೆ. ಕೆಂಪಗಾದರೆ ಸಿಗುವುದು ಬರೀ ಪರಿಮಳ. ಅದು 1912ರಲ್ಲಿ ಲೂಯಿ ಮಯಾರ್ ವಿವರಿಸಿದ ರಾಸಾಯನಿಕ ಕ್ರಿಯೆಯ ಫಲ, ಅದು ಚುರುಕಾಗಲು 140 ಡಿಗ್ರಿಯಷ್ಟು ಬೇಕು. ನೂರನ್ನೂ ದಾಟದ ಸ್ಲೋ ಕುಕ್ಕರಿನಲ್ಲಿ ಅದು ನಡೆಯದು, ಆದ್ದರಿಂದ ಇಲ್ಲಿ ‘ರೋಸ್ಟ್’ ಎನ್ನುವುದು ಸೌಜನ್ಯಕ್ಕೆ. ಬಾಣಲೆ ಕಾಯಿಸೋಣವೆಂದರೆ ಚಾವಣಿಯ ನೈಯಾಯಿಕ ಎಚ್ಚರವಾಗಿದ್ದಾನೆ. ಮಧ್ಯಮಮಾರ್ಗ: ಬೆಂದ ಮಾಂಸವನ್ನು ಎಳೆ ಬಿಡಿಸಿ, ತಟ್ಟೆಯಲ್ಲಿ ಹರಡಿ, ಓವನ್ನಿನ ಬ್ರಾಯ್ಲರ್ ಕೆಳಗೆ ಅಂಚು ಗರಿಯಾಗುವವರೆಗೆ ಕೆಲವೇ ನಿಮಿಷ ಇಡುವುದು.

ಫ್ರಿಜ್ಜಿನಿಂದ ಬರಬೇಕಿದ್ದ ಉತ್ತರ ಈಗ ಸಿದ್ಧ. ರಾತ್ರಿ ನೀರಾಗಿದ್ದ ರಸ ಬೆಳಿಗ್ಗೆ ಗಡ್ಡೆಯಾಗಿ ನಡುಗುತ್ತ ನಿಂತಿರುತ್ತದೆ. ಕರಗಿ ಹೋದ ಜೆಲಾಟಿನ್ ಮತ್ತೆ ಕೂಡಿಕೊಂಡಿದೆ. ವೈಶೇಷಿಕರು ಗೆದ್ದರು. ಮೇಲೆ ಕಟ್ಟಿದ ಬಿಳಿ ಕೊಬ್ಬನ್ನು ತೆಗೆದಿಟ್ಟರೆ ಆಲೂಗಡ್ಡೆ ಹುರಿಯಲು ಎಣ್ಣೆಯ ಖರ್ಚೂ ಉಳಿಯಿತು. ಉಳಿದ ಮಾಂಸವನ್ನು ಅಗಲವಾದ ಪಾತ್ರೆಗಳಲ್ಲಿ ಹರಡಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಮತ್ತೆ ಬಿಸಿ ಮಾಡಲು ಮಾತ್ರ ಸ್ಲೋ ಕುಕ್ಕರ್ ಬಳಸಬೇಡಿ, ಅದು ಬಿಸಿಯಾಗುವಷ್ಟರಲ್ಲಿ ಮಾಂಸ ಕೆಟ್ಟೀತು. ಆ ಕೆಲಸಕ್ಕೆ ಒಲೆಯೇ ಪ್ರಮಾಣ.